ಸಂಚಾರ್ ಸಾಥಿ ಆ್ಯಪ್: ಮೋಸದ ಮೆಸೇಜಿಗೆ ಎಷ್ಟು ಉಪಯೋಗ?

ಮೊದಲೇ ಹೇಳಿಬಿಡುತ್ತೇನೆ. ಈ ಆ್ಯಪ್ ಹಾಕಿಕೊಂಡರೆ ಮೋಸದ ಮೆಸೇಜ್ ಬರುವುದು ನಿಲ್ಲುವುದಿಲ್ಲ. ಇದು ದೂರು ಕೊಡುವ ಆ್ಯಪ್, ತಡೆಯುವ ಆ್ಯಪ್ ಅಲ್ಲ. ಅಷ್ಟು ತಿಳಿದು ಬಳಸಿದರೆ ತುಂಬಾ ಒಳ್ಳೆಯದು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ದೂರಸಂಪರ್ಕ ಇಲಾಖೆ ಇದನ್ನು ಬಿಟ್ಟಿದ್ದು 2025ರ ಜನವರಿಯಲ್ಲಿ. ವೆಬ್‌ಸೈಟ್ 2023ರಿಂದಲೇ ಇತ್ತು. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆ. ನನ್ನ ಫೋನಿನಲ್ಲೂ ಇದೆ, ಅಪ್ಪಾಜಿ, ಅವ್ವನ ಫೋನಿನಲ್ಲೂ ಇದೆ.

ರೈತರ ಫೋನಿಗೆ ಇದು ಯಾಕೆ ಬೇಕು ಅಂದರೆ, ನಮಗೆ ನಿಜವಾದ ಮೆಸೇಜ್‌ಗಳೂ ಜಾಸ್ತಿ ಬರುತ್ತವೆ. ಬೆಳೆ ವಿಮೆ, ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು, ಹೆಸ್ಕಾಂ ಬಿಲ್ಲು. ಎಲ್ಲರೂ ಅವುಗಳ ದಾರಿ ಕಾಯುತ್ತಿರುತ್ತಾರೆ. ಮೋಸಗಾರರಿಗೆ ಅದು ಗೊತ್ತು. ‘ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ’ ಅಂತ ಬಂದಾಗ, ಬೋರ್‌ವೆಲ್ ನಂಬಿಕೊಂಡ ಮನುಷ್ಯನಿಗೆ ಎದೆ ಧಸಕ್ ಅನ್ನುತ್ತದೆ. ಅಪ್ಪಾಜಿ ಈಗ ಫೋನ್ ಮುಂದೆ ಹಿಡಿದು, "ತಮ್ಮಾ, ಇದು ಖರೇನೋ ಸುಳ್ಳೋ ನೋಡು" ಅನ್ನುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಆ್ಯಪ್‌ನಲ್ಲಿ ನಾನು ಜಾಸ್ತಿ ಬಳಸುವುದು ‘ಚಕ್ಷು’ ಎಂಬ ಭಾಗ. ಮೆಸೇಜ್ ಬಂತೋ, ಕರೆ ಬಂತೋ, ವಾಟ್ಸಾಪ್ಪೋ ಅಂತ ಆರಿಸಿ, ನಂಬರ್, ಸಮಯ, ಸ್ಕ್ರೀನ್‌ಶಾಟ್ ಹಾಕಿ ಕಳಿಸಬೇಕು. ಕಳೆದ 30 ದಿನದೊಳಗೆ ಬಂದದ್ದಕ್ಕೆ ಮಾತ್ರ ದೂರು. ಹಾಗಾಗಿ ಸಿಟ್ಟಿನಲ್ಲಿ ಮೆಸೇಜ್ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ.

ಇನ್ನೊಂದು ಭಾಗ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುತ್ತದೆ. ಒಬ್ಬರ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ 9 ಸಿಮ್ ತನಕ ಇರಬಹುದು. ನಮ್ಮ ಕಾಕಾನ ಪಟ್ಟಿಯಲ್ಲಿ ಅವರಿಗೆ ಗೊತ್ತೇ ಇಲ್ಲದ ನಂಬರ್ ಒಂದಿತ್ತು. ‘ನನ್ನ ನಂಬರ್ ಅಲ್ಲ’ ಅಂತ ಅಲ್ಲೇ ಗುರುತು ಹಾಕಿಸಿದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರ ಹೆಬ್ಬೆಟ್ಟು ಒತ್ತಿ ಸಿಮ್ ತೆಗೆದುಕೊಂಡವರು ಇದನ್ನು ಖಂಡಿತ ನೋಡಲೇಬೇಕು. ಇದೊಂದಕ್ಕಾಗಿಯೇ ಆ್ಯಪ್ ಇಟ್ಟುಕೊಳ್ಳಬಹುದು.

ಆದರೆ ನಮ್ಮ ಮನೆಯವರನ್ನು ನಿಜವಾಗಿ ಕಾಪಾಡುತ್ತಿರುವುದು ಮೆಸೇಜ್ ಕಳಿಸಿದವರ ಹೆಸರಿನ ಕೊನೆಗೆ ಸಣ್ಣ ಗೆರೆಯ ನಂತರ ಬರುವ ಒಂದು ಇಂಗ್ಲಿಷ್ ಅಕ್ಷರ. 2025ರ ಮೇ ತಿಂಗಳಿಂದ ನೋಂದಾಯಿತ ಸಂಸ್ಥೆಗಳ ಮೆಸೇಜಿಗೆ ಅದು ಬರುತ್ತಿದೆ. ಪಿ ಅಂದರೆ ಜಾಹೀರಾತು, ಎಸ್ ಅಂದರೆ ಸೇವೆ, ಟಿ ಅಂದರೆ ಒಟಿಪಿಯಂಥ ವ್ಯವಹಾರ, ಜಿ ಅಂದರೆ ಸರ್ಕಾರ. ಸರ್ಕಾರದ ಪರಿಹಾರ ಬಂದಿದೆ ಅಂತ ಹತ್ತು ಅಂಕಿಯ ಮಾಮೂಲಿ ನಂಬರಿನಿಂದ ಮೆಸೇಜ್ ಬಂದರೆ ಮುಟ್ಟಲೇಬೇಡಿ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಈ ನಾಲ್ಕು ಅಕ್ಷರ ಗುರುತು ಹಿಡಿಯುತ್ತಾರೆ. ಅಕ್ಷರ ಸರಿ ಇದ್ದರೂ ಒಟಿಪಿ ಯಾರಿಗೂ ಹೇಳಬಾರದು, ಅದು ಬೇರೆ ಮಾತು.

2024ರ ಅಕ್ಟೋಬರ್‌ನಿಂದ ಇಂಥ ಸಂಸ್ಥೆಗಳು ಮೊದಲೇ ಒಪ್ಪಿಗೆ ಪಡೆಯದ ಲಿಂಕನ್ನು ಮೆಸೇಜ್‌ನಲ್ಲಿ ಕಳಿಸುವಂತಿಲ್ಲ. ಕಳಿಸಿದರೆ ಮೊಬೈಲ್ ಕಂಪನಿಗಳು ತಡೆಯಬೇಕು. ಹಾಗಾಗಿ ಕಳ್ಳರು ಮಾಮೂಲಿ ನಂಬರ್, ವಾಟ್ಸಾಪ್ ಹಿಡಿದಿದ್ದಾರೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಅಂತ ಹೆಸರಿಟ್ಟು ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸುತ್ತಾರೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ನಿಮ್ಮ ಒಟಿಪಿ ಅವರೇ ಓದಿಬಿಡಬಹುದು. ಚಕ್ಷುವಿನಲ್ಲಿ ಇದಕ್ಕೂ ದೂರು ಕೊಡಬಹುದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಅನುಮತಿಗಳ ವಿಷಯಕ್ಕೆ. ಆಂಡ್ರಾಯ್ಡ್‌ನಲ್ಲಿ ಈ ಆ್ಯಪ್ ಕರೆ ಮತ್ತು ಮೆಸೇಜ್ ವಿವರ ನೋಡಲು ಅನುಮತಿ ಕೇಳುತ್ತದೆ. ಹೊಸ ಫೋನುಗಳಲ್ಲಿ ಕಡ್ಡಾಯ ಮಾಡುವ ಆದೇಶ ಬಂದಾಗ ಜನ ವಿರೋಧಿಸಿದ್ದು ಇಂಥದ್ದಕ್ಕೇ. 2025ರ ಡಿಸೆಂಬರ್‌ನಲ್ಲಿ ಆ ಆದೇಶ ವಾಪಸ್ ಆಯಿತು. ಅದು ಸರಿಯಾದದ್ದೇ, ಅವರವರ ಇಷ್ಟಕ್ಕೆ ಬಿಡಬೇಕು. ಅನುಮತಿ ಕೊಡಲು ಮನಸ್ಸಿಲ್ಲದವರು ವೆಬ್‌ಸೈಟಿನಲ್ಲೇ ಇದೇ ಕೆಲಸ ಮಾಡಬಹುದು.

ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ಚಕ್ಷುವಿನಲ್ಲಿ ಕೂತು ಸಮಯ ಕಳೆಯಬೇಡಿ. ಅದು ಅದಕ್ಕೆ ಇರುವುದಲ್ಲ. ತಕ್ಷಣ 1930ಕ್ಕೆ ಫೋನ್ ಮಾಡಿ. ಬ್ಯಾಂಕ್ ಹೆಸರು, ಹೋದ ಮೊತ್ತ, ವ್ಯವಹಾರದ ನಂಬರ್ ಕೈಯಲ್ಲಿ ಇಟ್ಟುಕೊಳ್ಳಿ. ಬೇಗ ಹೇಳಿದಷ್ಟೂ ದುಡ್ಡನ್ನು ಮುಂದಿನ ಖಾತೆಗೆ ಹೋಗದಂತೆ ಹಿಡಿದಿಡುವ ಸಾಧ್ಯತೆ ಜಾಸ್ತಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.