ಕೆಲಸದವರಿಗೆ ರೇಡಿಯಂ ಶರ್ಟ್ ಮಾಡಿಸುವ ಮುಂಚೆ ಇದನ್ನೊಮ್ಮೆ ಓದಿ

ಬೈಕಂಪಾಡಿ, ಪಣಂಬೂರು, ಸುರತ್ಕಲ್ ಕಡೆಯ ಸಣ್ಣ ಗುತ್ತಿಗೆದಾರರು, ಯಾರ್ಡ್ ಇಟ್ಟುಕೊಂಡವರು, ಉಡುಪಿ ಕಡೆ ರಸ್ತೆ ಕೆಲಸ ಹಿಡಿದವರು ಇದನ್ನು ದಯವಿಟ್ಟು ಓದಿ. ಕೆಲಸದವರು ಗಾಡಿಯವರ ಕಣ್ಣಿಗೆ ಬೀಳಲಿ ಎಂದು ಹಾಕಿಸುವ ಹೊಳೆಯುವ ಬಣ್ಣದ, ಬೆಳ್ಳಿ ಪಟ್ಟಿಯ ಶರ್ಟಿನ ಹೆಸರಿನಲ್ಲಿ ನಮಗೆ ಬಿದ್ದ ಟೋಪಿ ನಿಮಗೆ ಬೀಳುವುದು ಬೇಡ. ಅಂಗಡಿಯ ಹೆಸರು ಹಾಕುವುದಿಲ್ಲ. ಇದೇ ಮಾಲು, ಇದೇ ಮಾತು ಬೇರೆ ಕಡೆಯೂ ಉಂಟು, ಹಾಗಾಗಿ ಹೆಸರು ಗೊತ್ತಾಗಿ ದೊಡ್ಡ ಪ್ರಯೋಜನವೂ ಇಲ್ಲ.

ನಮ್ಮಲ್ಲಿ ಮೂರು ತರದ ಕೆಲಸ. ಹೆದ್ದಾರಿ ಬದಿ ಚರಂಡಿ ಮತ್ತು ಕೇಬಲ್ ಹಾಕುವ ತಂಡ ಒಂದು. ಯಾರ್ಡಿನಲ್ಲಿ ಲಾರಿಗೆ ಲೋಡ್ ಮಾಡುವವರು ಒಂದಷ್ಟು ಜನ. ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವರು ಸ್ವಲ್ಪ ಜನ. ಮೊದಲು ಎಲ್ಲರಿಗೂ ಆ ತೋಳಿಲ್ಲದ ಜಾಲರಿ ಜಾಕೆಟ್ ಕೊಡುತ್ತಿದ್ದೆವು. ಅದರ ವೆಲ್ಕ್ರೋ ಬೇಗ ಸತ್ತು ಹೋಗುತ್ತದೆ. ಎದುರಿನಿಂದ ತೆರೆದುಕೊಂಡು ಹಾರಾಡುತ್ತದೆ, ಲಾರಿಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಶರ್ಟೇ ಮಾಡಿಸುವ ಎಂದು ಆಯಿತು. ಜಾಕೆಟ್‌ಗಿಂತ ಶರ್ಟ್ ಒಳ್ಳೆಯದು ಎಂದು ಈಗಲೂ ಹೇಳುತ್ತೇನೆ. ಗಲಾಟೆ ಆದದ್ದು ಎಂತ ಶರ್ಟ್ ಬಂತು ಎನ್ನುವುದರಲ್ಲಿ.

ಮಾರುವವನು ಸ್ಯಾಂಪಲ್ ತಂದ. ಉದ್ದ ತೋಳು, ಹಳದಿ ಬಣ್ಣ, ಪಟ್ಟಿಗೆ ಎರಡೂ ಅಂಚಿನಲ್ಲಿ ಹೊಲಿಗೆ. "ಪ್ಯೂರ್ ಕಾಟನ್ ಸರ್, ನಮ್ಮ ಊರಿನ ಸೆಖೆಗೆ ಹೇಳಿ ಮಾಡಿಸಿದ್ದು. ಎಲ್ಲರಿಗೂ ಇದೇ ಒಂದು ಸಾಕು" ಎಂದ. ಟೆಸ್ಟ್ ಸರ್ಟಿಫಿಕೇಟಿನ ಜೆರಾಕ್ಸ್ ತೋರಿಸಿದ. ಬೆನ್ನಿಗೆ ನಮ್ಮ ಸಂಸ್ಥೆಯ ಹೆಸರು ದೊಡ್ಡದಾಗಿ ಪ್ರಿಂಟ್, ಅದೂ ಫ್ರೀ. ಈ ಫ್ರೀ ಪ್ರಿಂಟ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾಲು ಬಂದಾಗ ನೋಡಲು ಸ್ಯಾಂಪಲ್‌ನ ಹಾಗೇ ಇತ್ತು. ಮೈಮೇಲೆ ಹಾಕಿದ ಮೇಲೆ ಬಣ್ಣ ಬಯಲಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಲೋಡಿಂಗಿನವರ ಶರ್ಟ್ ಮೈಗೆ ಅಂಟಿ ಬೆವರು ಇಳಿಯುತ್ತಿತ್ತು. ಒಬ್ಬೊಬ್ಬರೇ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರು. ಉಳಿದವರು ತೋಳು ಮಡಚಿದರು, ತೋಳಿನ ಪಟ್ಟಿ ಮಡಿಕೆಯ ಒಳಗೆ ಹೋಯಿತು. ಬೈದು ಪ್ರಯೋಜನ ಇಲ್ಲ, ಆ ಸೆಖೆಯಲ್ಲಿ ನಾನಾದರೂ ಬಿಚ್ಚುತ್ತಿದ್ದೆ. ನಮ್ಮ ಮೇಸ್ತ್ರಿ ಅಂಚಿನಿಂದ ಒಂದು ನೂಲು ಎಳೆದು ಲೈಟರ್ ಹಿಡಿದ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗಬೇಕು. ಇದು ಕರಗಿ, ಸುರುಟಿ, ತುದಿಯಲ್ಲಿ ಗಟ್ಟಿ ಮಣಿ ಆಯಿತು. ಶುದ್ಧ ಪಾಲಿಯೆಸ್ಟರ್. "ಧಣಿ, ಇದು ಕಾಟನ್ ಅಂತ ಹೇಳಿದವನಿಗೆ ಇದನ್ನೇ ಹಾಕಿಸಿ ಲೋಡಿಂಗಿಗೆ ಬಿಡಬೇಕು" ಎಂದ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಆ ಕಣ್ಣಿಗೆ ಹೊಡೆಯುವ ಹಳದಿ, ಕಿತ್ತಳೆ ಬಣ್ಣ ಚೆನ್ನಾಗಿ ನಿಲ್ಲುವುದು ಪಾಲಿಯೆಸ್ಟರ್ ಮೇಲೆಯೇ. ಬರೀ ಕಾಟನ್‌ನಲ್ಲಿ ಅಷ್ಟು ಹೊಳಪು ಬರುವುದು ಕಷ್ಟ. ಹಾಗಾಗಿ ಕಡಿಮೆ ರೇಟಿಗೆ ಪ್ಯೂರ್ ಕಾಟನ್ ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ನಮ್ಮ ಹವೆಗೆ ಬೇಕಾದದ್ದು ಹೊರಗೆ ಪಾಲಿಯೆಸ್ಟರ್, ಮೈಗೆ ತಾಗುವ ಬದಿ ಕಾಟನ್ ಇರುವ ಬಟ್ಟೆ. ಇಲ್ಲದಿದ್ದರೆ ಕಂಕುಳಿಗೆ, ಬೆನ್ನಿಗೆ ಜಾಲರಿ ಕೊಟ್ಟ ತೆಳು ಹೆಣಿಗೆಯ ಬಟ್ಟೆ.

ಸೆಖೆಯದ್ದಾದರೂ ಹೇಗೋ ಸಹಿಸಬಹುದಿತ್ತು. ದೊಡ್ಡ ಮೋಸ ಗೊತ್ತಾದದ್ದು ರಾತ್ರಿ. ಕೂಳೂರು ಹತ್ತಿರ ಹೆದ್ದಾರಿ 66ರ ಬದಿಯಲ್ಲಿ ನಮ್ಮ ಹುಡುಗರು ಕೇಬಲ್ ಕೆಲಸದಲ್ಲಿದ್ದರು. ನಮ್ಮದೇ ಟಿಪ್ಪರಿನ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದ. "ಎಂತ ಮಾರಾಯ್ರೆ, ಹೊಸ ಶರ್ಟ್ ಹಾಕಿಸಿ ಜನ ಕಾಣದ ಹಾಗೆ ಮಾಡಿದ್ದೀರಿ! ಹತ್ತಿರ ಬರುವವರೆಗೆ ಒಬ್ಬನೂ ಕಾಣಲಿಲ್ಲ" ಎಂದ. ಯಾರಿಗೂ ಏನೂ ಆಗಲಿಲ್ಲ, ಅಷ್ಟೇ ಪುಣ್ಯ.

ಶರ್ಟಿನ ಬಣ್ಣ ಹಗಲಿಗೆ ಮಾತ್ರ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುವುದೇ ಅದರ ಕೆಲಸ. ಮೋಡ ಕವಿದ ಹೊತ್ತು, ಸಂಜೆಯ ಹೊತ್ತು ಅದು ಎದ್ದು ಕಾಣುವುದು ಅದಕ್ಕೇ. ಕತ್ತಲಾದ ಮೇಲೆ ಅದರ ಆಟ ಮುಗಿಯಿತು. ಆಗ ಕಾಯುವುದು ಬೆಳ್ಳಿ ಬಣ್ಣದ ಪಟ್ಟಿ. ಒಳ್ಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಇರುತ್ತವೆ. ಲಾರಿಯ ಹೆಡ್‌ಲೈಟ್ ಬಿದ್ದರೆ ಆ ಬೆಳಕನ್ನು ಬಂದ ಕಡೆಗೇ, ಅಂದರೆ ಡ್ರೈವರನ ಕಣ್ಣಿನ ಕಡೆಗೇ, ವಾಪಸ್ ಕಳಿಸುತ್ತವೆ. ನಮಗೆ ಬಂದ ಮಾಲಿನಲ್ಲಿ ಇದ್ದದ್ದು ಬರೀ ಬೂದು ಬಣ್ಣದ ಹೊಳಪು ಬಟ್ಟೆ. ಹಗಲಿನಲ್ಲಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸ್ಯಾಂಪಲ್ ಶರ್ಟಿನ ಪಟ್ಟಿ ನಿಜವಾದದ್ದು, ಮಾಲಿನ ಪಟ್ಟಿ ಬೇರೆ. ಆ ರಾತ್ರಿ ಎರಡನ್ನೂ ಅಕ್ಕಪಕ್ಕ ನೇತುಹಾಕಿ ನೋಡಿದಾಗಲೇ ಇದು ತಿಳಿದದ್ದು.

ನೋಡುವುದು ಸುಲಭ ಉಂಟು. ಕತ್ತಲೆ ಕೋಣೆಯಲ್ಲಿ ಶರ್ಟ್ ನೇತುಹಾಕಿ, ಹತ್ತಿಪ್ಪತ್ತು ಹೆಜ್ಜೆ ದೂರ ನಿಲ್ಲಿ. ಮೊಬೈಲಿನ ಟಾರ್ಚ್ ಹಚ್ಚಿ ಅದನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ, ಕೆನ್ನೆಗೆ ತಾಗಿಸಿ ಹಿಡಿಯಿರಿ. ಕೈ ಮುಂದೆ ಚಾಚಿ ಹಿಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ನಿಜವಾದ ಪಟ್ಟಿ ಬಲ್ಬ್ ಹತ್ತಿದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ನಕಲಿ ಬೂದು ಬೂದಾಗಿಯೇ ಇರುತ್ತದೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆದರೂ ಗೊತ್ತಾಗುತ್ತದೆ. ಸ್ಯಾಂಪಲ್ ಒಂದನ್ನೇ ಅಲ್ಲ, ಬಂದ ಕಟ್ಟಿನ ನಡುವಿನಿಂದ ಒಂದೆರಡು ಎಳೆದು ನೋಡಿ.

ಆಮೇಲೆ ಒಗೆತ. ನಮ್ಮ ಕಡೆ ಕೆಲಸದವರು ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಬ್ರಷ್ ಹಾಕಿ ತಿಕ್ಕಿ. ಕೆಂಪು ಮಣ್ಣು, ಬಂದರಿನ ಕಡೆ ಹೋದವರಿಗೆ ಕಲ್ಲಿದ್ದಲಿನ ಧೂಳು. ತಿಕ್ಕದೆ ಹೋಗುವುದಾದರೂ ಹೇಗೆ? ಆದರೆ ಇಸ್ತ್ರಿ ಹಾಕಿ ಅಂಟಿಸಿದ ಪಟ್ಟಿ ಈ ಪೆಟ್ಟಿಗೆ ನಿಲ್ಲುವುದಿಲ್ಲ. ಮೊಣಕೈ ಮಡಚುವ ಜಾಗದಲ್ಲಿ ಮೊದಲು ಬಿರುಕು, ಆಮೇಲೆ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ಹೊಲಿದ ಪಟ್ಟಿ ಗಟ್ಟಿ, ಆದರೆ ಬ್ರಷ್ ಹಾಕಿದರೆ ಅದರ ಮಣಿಗಳೂ ಉದುರುತ್ತವೆ. ಪಟ್ಟಿ ಬಿಟ್ಟು ಬಟ್ಟೆಗೆ ಮಾತ್ರ ಬ್ರಷ್ ಹಾಕಿ, ಬ್ಲೀಚಿಂಗ್ ಪೌಡರ್ ಮುಟ್ಟಿಸಬೇಡಿ ಎಂದು ಕೊಡುವಾಗಲೇ ಹೇಳಿ. ಒಳ್ಳೆಯ ಕಂಪನಿಗಳು ಎಷ್ಟು ಒಗೆತದವರೆಗೆ ಗ್ಯಾರಂಟಿ ಎಂದು ಲೇಬಲಿನಲ್ಲೇ ಹಾಕಿರುತ್ತವೆ. ನಮ್ಮ ಶರ್ಟಿನಲ್ಲಿ ಲೇಬಲ್ ಎಂದರೆ ಎಕ್ಸ್‌ಎಲ್ ಅಂತ ಒಂದು ಚೂರು, ಅಷ್ಟೇ.

"ಎಲ್ಲರಿಗೂ ಇದೇ ಒಂದು ಸಾಕು" ಎನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಐಎಸ್‌ಒ 20471 ಎನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಥ ಬಟ್ಟೆಗೆ 1, 2, 3 ಎಂದು ಮೂರು ಕ್ಲಾಸ್ ಉಂಟು, 3 ಎಂದರೆ ಎಲ್ಲಕ್ಕಿಂತ ಹೆಚ್ಚು ಎದ್ದು ಕಾಣುವಂಥದ್ದು. ಕ್ಲಾಸ್ 2 ಎಂದರೆ ಹೊಳೆಯುವ ಬಣ್ಣದ ಬಟ್ಟೆ ಕಡಿಮೆ ಎಂದರೂ 0.50 ಚದರ ಮೀಟರ್, ಪಟ್ಟಿ 0.13 ಚದರ ಮೀಟರ್ ಇರಬೇಕು. ಕ್ಲಾಸ್ 3ಕ್ಕೆ 0.80 ಮತ್ತು 0.20. ಪಟ್ಟಿಯ ಅಗಲ 50 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನಮ್ಮದರಲ್ಲಿ ಒಂದೂವರೆ ಇಂಚೂ ಇರಲಿಲ್ಲ. ಬರೀ ತೋಳಿಲ್ಲದ ಜಾಕೆಟ್ ಹಾಕಿದರೆ ಕ್ಲಾಸ್ 3 ಆಗುವುದಿಲ್ಲ, ತೋಳಿಗೋ ಕಾಲಿಗೋ ಪಟ್ಟಿ ಬೇಕೇ ಬೇಕು. ಅದಕ್ಕೆ ಕಾರಣವೂ ಉಂಟು. ತೋಳಿನ ಪಟ್ಟಿ ಆಡಿದಾಗಲೇ ಡ್ರೈವರಿಗೆ ಅದು ಕಂಬ ಅಲ್ಲ, ಮನುಷ್ಯ ಎಂದು ತಿಳಿಯುವುದು.

ಹಾಗಾಗಿ ಹೆದ್ದಾರಿಯಲ್ಲಿ ರಾತ್ರಿ ಇರುವವರಿಗೆ ಉದ್ದ ತೋಳು, ಅದಕ್ಕೆ ರಾಜಿ ಬೇಡ. ಯಾರ್ಡಿನ ಹಗಲು ಕೆಲಸಕ್ಕೆ ಅರ್ಧ ತೋಳಿನ ಟೀ ಶರ್ಟ್ ಸಾಕು, ಗುಂಡಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ವೆಲ್ಡಿಂಗಿನವರಿಗೆ ಮಾತ್ರ ಸಾದಾ ಪಾಲಿಯೆಸ್ಟರ್ ಶರ್ಟ್ ಕೊಡಲೇಬೇಡಿ. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಆ ನೂಲಿನ ತುದಿಯ ಮಣಿ ನೋಡಿದ ದಿನವೇ ಶೆಡ್ಡಿನವರಿಂದ ಎಲ್ಲ ಶರ್ಟ್ ವಾಪಸ್ ತೆಗೆದುಕೊಂಡೆವು. ಅವರಿಗೆ ಬೆಂಕಿ ತಡೆಯುವ ಕಾಟನ್ನೇ ಬೇಕು, ರೇಟ್ ಜಾಸ್ತಿ ಆದರೂ.

ಬಣ್ಣದ ಬಗ್ಗೆ ನನ್ನದೊಂದು ಅನಿಸಿಕೆ. ಎಲ್ಲರೂ ಹಳದಿಯೇ ಕೇಳುತ್ತಾರೆ. ಜುಲೈ ತಿಂಗಳಲ್ಲಿ ಮೂಲ್ಕಿಯಿಂದ ಉಡುಪಿಯವರೆಗೆ ರಸ್ತೆ ಬದಿ ಪೂರ್ತಿ ಹಸಿರು, ಅದರ ನಡುವೆ ಹಸಿರು ಮಿಶ್ರಿತ ಹಳದಿ ಶರ್ಟ್ ಅಷ್ಟು ಎದ್ದು ಕಾಣುವುದಿಲ್ಲ, ಹಳದಿ ಜೆಸಿಬಿ ಪಕ್ಕದಲ್ಲಂತೂ ಇನ್ನೂ ಇಲ್ಲ. ಅಲ್ಲಿ ಕಿತ್ತಳೆ ಒಳ್ಳೆಯದು. ಕೆಂಪು ಕಲ್ಲಿನ ಕೋರೆ, ಮಣ್ಣು ಅಗೆಯುವ ಕಡೆ ಕಿತ್ತಳೆ ಮುಳುಗುತ್ತದೆ, ಅಲ್ಲಿ ಹಳದಿಯೇ ಸರಿ.

ಮಳೆಯ ವಿಷಯ ಯಾರೂ ಹೇಳುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ನಿಮ್ಮ ದುಬಾರಿ ಶರ್ಟಿನ ಮೇಲೆ ಕಪ್ಪು ರೇನ್‌ಕೋಟ್ ಕೂತಿರುತ್ತದೆ. ಶರ್ಟ್ ಎಷ್ಟು ಒಳ್ಳೆಯದಾದರೇನು, ಕಾಣುವುದು ರೇನ್‌ಕೋಟ್ ಅಲ್ವಾ? ಶರ್ಟಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಪಟ್ಟಿ ಇರುವ ಹೊಳಪು ಬಣ್ಣದ ರೇನ್‌ಕೋಟಿಗೆ ತೆಗೆದಿಡಿ. ಅದಕ್ಕೂ ನೀರು ಹಾಕಿ ಟಾರ್ಚ್ ಹಿಡಿದು ನೋಡಿ, ಯಾಕೆಂದರೆ ಕೆಲವು ಪಟ್ಟಿಗಳು ಒದ್ದೆಯಾದರೆ ಹೊಳೆಯುವುದೇ ಇಲ್ಲ.

ಇನ್ನು ಆ ಫ್ರೀ ಪ್ರಿಂಟ್. ಮಾಲು ವಾಪಸ್ ತೆಗೆದುಕೊಳ್ಳಿ ಎಂದು ಹೋದರೆ ಅವನು ಹೇಳಿದ್ದು ಒಂದೇ ಮಾತು: "ನಿಮ್ಮ ಹೆಸರು ಪ್ರಿಂಟ್ ಆಗಿದೆ ಸರ್, ಇದನ್ನು ನಾನು ಇನ್ಯಾರಿಗೆ ಮಾರಲಿ?" ಫ್ರೀ ಯಾಕೆ ಕೊಟ್ಟ ಎಂದು ಆಗ ಅರ್ಥ ಆಯಿತು. ಸರ್ಟಿಫಿಕೇಟ್ ಬೇರೆ ಯಾವುದೋ ಬಟ್ಟೆಯದ್ದು. ಬೆನ್ನ ತುಂಬ ಅಕ್ಷರ ಹಾಕಿದರೆ ಹೊಳೆಯುವ ಬಟ್ಟೆಯ ಜಾಗವೂ ಅಷ್ಟು ಕಡಿಮೆ ಆಗುತ್ತದೆ ಎನ್ನುವುದು ಬೇರೆ. ಹೆಸರು ಬೇಕಿದ್ದರೆ ಎದೆಯ ಮೇಲೆ ಸಣ್ಣದಾಗಿ ಸಾಕು, ಅದೂ ಮಾಲು ಪರೀಕ್ಷೆ ಮಾಡಿದ ಮೇಲೆ, ಬೇರೆ ಕಡೆಯಲ್ಲಿ.

ಈಗ ನಾವು ಆರ್ಡರ್ ಕಾಗದದಲ್ಲೇ ಬರೆಸುತ್ತೇವೆ: ಭಾರತೀಯ ಮಾನದಂಡ ಐಎಸ್ 15809, ಯಾವ ಕ್ಲಾಸ್, ಪಟ್ಟಿಯ ಅಗಲ, ಹೊಲಿದದ್ದು, ಸ್ಯಾಂಪಲ್ ನಮ್ಮ ಹತ್ತಿರ ಸಹಿ ಹಾಕಿಸಿ ಇಟ್ಟದ್ದು, ಹೊಂದದಿದ್ದರೆ ವಾಪಸ್. ಐಎಸ್‌ಐ ಮಾರ್ಕ್ ಇದ್ದರೆ ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ವಸ್ತು ಎಂದು ಅಲ್ಲೇ ಬರುತ್ತದೆ. ಈ ಷರತ್ತು ಓದಿ ಇಬ್ಬರು ಮಾರುವವರು ಕೊಟೇಶನ್ ಕೊಡಲಿಕ್ಕೇ ಬರಲಿಲ್ಲ. ಮೂರನೆಯವನು ಬಂದ, ರೇಟ್ ಜಾಸ್ತಿ ಹೇಳಿದ, ಕತ್ತಲೆ ಕೋಣೆಗೆ ತಾನೇ ಟಾರ್ಚ್ ತಂದ. ಶರ್ಟ್ ಅವನ ಹತ್ತಿರವೇ ತೆಗೆದುಕೊಂಡೆವು. ಒದ್ದೆಯಾದರೂ ಹೊಳೆಯುವ, ಸೆಖೆಯೂ ಆಗದ ರೇನ್‌ಕೋಟ್ ಮಾತ್ರ ಅವನ ಹತ್ತಿರವೂ ಇಲ್ಲ. ಮಂಗಳೂರು, ಉಡುಪಿಯಲ್ಲಿ ಎಲ್ಲಿಯಾದರೂ ಸಿಗುವುದಾದರೆ ಹೇಳಿ ಮಾರಾಯ್ರೆ, ಜೂನ್ ಬರುವುದರೊಳಗೆ ಬೇಕು.