ಜನರೇಟೆಡ್ ಕೋಡ್ ಇರುವ ಪ್ರಾಜೆಕ್ಟ್‌ಗೆ ಸಿಮೇಕ್: ಐದಕ್ಕೆ ಮೂರೂವರೆ

ಈ ವಿಮರ್ಶೆ ಪ್ರೋಗ್ರಾಂ ಬಿಲ್ಡ್ ಮಾಡುವ ನಿಯಮಗಳನ್ನು ಬರೆದುಕೊಡುವ ಟೂಲ್ ಆದ ಸಿಮೇಕ್‌ನ ಒಂದು ಮೂಲೆಯ ಬಗ್ಗೆ ಮಾತ್ರ: ಬಿಲ್ಡ್ ನಡೆಯುವಾಗಲೇ ಹುಟ್ಟುವ ಸೋರ್ಸ್ ಫೈಲುಗಳನ್ನು ಅದು ಹೇಗೆ ಸಂಭಾಳಿಸುತ್ತದೆ ಎಂಬುದು. ದೀರ್ಘಕಾಲದ ಬಳಕೆ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್‌ಗಳಲ್ಲಿ. ಪ್ರೋಟೋಬಫ್‌ನಿಂದ (ಡೇಟಾದ ರೂಪವನ್ನು ಪ್ರೋಟೋ ಫೈಲಿನಲ್ಲಿ ವಿವರಿಸಿ ಕೋಡ್ ಪಡೆಯುವ ವ್ಯವಸ್ಥೆ) ಬರುವ ಕೋಡ್, ಪೈಥಾನ್ ಸ್ಕ್ರಿಪ್ಟ್ ಬರೆದುಕೊಡುವ ಟೇಬಲ್‌ಗಳು, ಸಿಮೇಕ್ ಬರೆದ ನಿಯಮಗಳನ್ನು ಓಡಿಸಲು ಹೆಚ್ಚಿನ ಕಡೆ ನಿಂಜಾ, ಉಳಿದೆಡೆ ಮೇಕ್.

ಮೂಲ ಸೌಕರ್ಯ ಗಟ್ಟಿ. ಫೈಲ್ ಹುಟ್ಟಿಸುವ ಆಡ್-ಕಸ್ಟಮ್-ಕಮಾಂಡ್‌ಗೆ ಔಟ್‌ಪುಟ್ (ಹುಟ್ಟುವ ಫೈಲು), ಕಮಾಂಡ್ (ಓಡಿಸಬೇಕಾದ ಆಜ್ಞೆ), ಡಿಪೆಂಡ್ಸ್ (ಅದು ಅವಲಂಬಿಸುವ ಫೈಲುಗಳು) ಮೂರನ್ನೂ ಸುಳ್ಳಿಲ್ಲದೆ ಕೊಟ್ಟರೆ ಸಾಕು, ಫೈಲ್ ಯಾವಾಗ ಮತ್ತೆ ಹುಟ್ಟಬೇಕು ಎಂಬ ಲೆಕ್ಕ ಅದರದು. ಔಟ್‌ಪುಟ್ ಯಾವಾಗಲೂ ಬೈನರಿ ಡೈರೆಕ್ಟರಿಗೇ (ಬಿಲ್ಡ್ ನಡೆಯುವ ಫೋಲ್ಡರ್) ಹೋಗಲಿ. ಸೋರ್ಸ್ ಫೋಲ್ಡರ್‌ಗೆ ಬರೆದರೆ ಡೀಬಗ್ ಬಿಲ್ಡ್ ಮತ್ತು ರಿಲೀಸ್ ಬಿಲ್ಡ್ ಒಂದರ ಫೈಲನ್ನು ಇನ್ನೊಂದು ಅಳಿಸಿ ಬರೆಯುತ್ತವೆ. ಸಿಸಿ ಫೈಲಿನ ಜೊತೆ ಹೆಡರ್ ಹೆಸರನ್ನೂ ಔಟ್‌ಪುಟ್‌ನಲ್ಲಿ ಬರೆಯಬೇಕು. ವರ್ಬೇಟಿಮ್ ಪದವನ್ನು ಬಿಡಬೇಡಿ, ಇಲ್ಲದಿದ್ದರೆ ಹೆಸರಲ್ಲಿ ಸ್ಪೇಸ್ ಇರುವ ಪಾತ್ ಬಂದಾಗ ಕೋಟ್‌ಗಳು ಕೈಕೊಡುತ್ತವೆ.

ಹೆಚ್ಚಿನವರು ಎಡವುವುದು ಡಿಪೆಂಡ್ಸ್‌ನಲ್ಲಿ. ಇನ್‌ಪುಟ್ ಫೈಲ್ ಬರೆಯುತ್ತಾರೆ, ಅದನ್ನು ಓದುವ ಸ್ಕ್ರಿಪ್ಟ್ ಬರೆಯುವುದಿಲ್ಲ. ಸ್ಕ್ರಿಪ್ಟ್ ತಿದ್ದಿದರೂ ಹಳೇ ಕೋಡೇ ಕಂಪೈಲ್ ಆಗುತ್ತಿರುತ್ತದೆ. ಕೋಡ್ ಬರೆಯುವ ಟೂಲ್ ಇದೇ ಪ್ರಾಜೆಕ್ಟಿನ ಟಾರ್ಗೆಟ್ (ಪ್ರೋಗ್ರಾಂ, ಲೈಬ್ರರಿಯಂಥ ಬಿಲ್ಡ್ ಮಾಡುವ ಘಟಕ) ಆಗಿದ್ದರೆ ಇನ್ನೂ ಸೂಕ್ಷ್ಮ. ಕಮಾಂಡ್‌ನಲ್ಲಿ ಟಾರ್ಗೆಟ್ ಹೆಸರು ಕೊಟ್ಟಾಗ ಟೂಲ್ ಮೊದಲು ಬಿಲ್ಡ್ ಆಗುತ್ತದೆ, ನಿಜ. ಆದರೆ ಟೂಲ್ ಬದಲಾದರೆ ಕೋಡ್ ಮತ್ತೆ ಹುಟ್ಟುತ್ತದೆ ಎಂಬ ಖಾತ್ರಿ ಸಿಗುವುದಿಲ್ಲ. ಅದಕ್ಕೆ ಅದೇ ಹೆಸರನ್ನು ಡಿಪೆಂಡ್ಸ್‌ನಲ್ಲೂ ಬರೆಯಬೇಕು. ಒಂದು ಪ್ರೋಟೋ ಫೈಲ್ ಇನ್ನೊಂದನ್ನು ಇಂಪೋರ್ಟ್ ಮಾಡುವಲ್ಲಿ ಪಟ್ಟಿಯನ್ನು ಕೈಯಲ್ಲಿ ನಿಭಾಯಿಸಲು ಹೋಗಬೇಡಿ, ಡೆಪ್‌ಫೈಲ್ (ಅವಲಂಬನೆಗಳ ಪಟ್ಟಿ ಇರುವ ಫೈಲ್) ಬಳಸಿ. ಪ್ರೋಟೋಬಫ್‌ನ ಕಂಪೈಲರ್ ಪ್ರೋಟಾಕ್ ತಾನೇ ಅಂಥ ಫೈಲ್ ಬರೆದುಕೊಡುತ್ತದೆ. ಸಿಮೇಕ್ 3.7ರಿಂದ ನಿಂಜಾದಲ್ಲಿ, 3.20ರಿಂದ ಮೇಕ್‌ನಲ್ಲಿ, 3.21ರಿಂದ ವಿಷುಯಲ್ ಸ್ಟುಡಿಯೋ ಮತ್ತು ಎಕ್ಸ್‌ಕೋಡ್‌ನಲ್ಲಿ ಇದು ಸಿಗುತ್ತದೆ.

ನಾನು ಅಂಕ ಕಳೆದಿದ್ದು ಡೈರೆಕ್ಟರಿ ಗಡಿಗೆ. ಕಸ್ಟಮ್ ಕಮಾಂಡ್ ಮತ್ತು ಅದರ ಔಟ್‌ಪುಟ್ ಬಳಸುವ ಟಾರ್ಗೆಟ್ ಒಂದೇ ಸಿಮೇಕ್‌ಲಿಸ್ಟ್ಸ್ ಫೈಲಿನಲ್ಲಿ (ಒಂದು ಡೈರೆಕ್ಟರಿಯ ಸಿಮೇಕ್ ಸೂಚನೆಗಳ ಫೈಲ್) ಇರಬೇಕು. 3.20ರ ಹೊಸ ಪಾಲಿಸಿಯಿಂದ ‘ಇದು ಜನರೇಟೆಡ್ ಫೈಲ್’ ಎಂಬ ಗುರುತು ಎಲ್ಲ ಡೈರೆಕ್ಟರಿಗಳಿಗೂ ಕಾಣುತ್ತದೆ, ಆದರೆ ಫೈಲ್ ಹುಟ್ಟಿಸುವ ರೂಲ್ ಗಡಿ ದಾಟುವುದಿಲ್ಲ. ನಿಂಜಾದಲ್ಲಿ ಇಡೀ ಬಿಲ್ಡ್‌ಗೆ ಒಂದೇ ಗ್ರಾಫ್ ಇರುವುದರಿಂದ ಈ ತಪ್ಪು ಎಷ್ಟೋ ಸಲ ಮುಚ್ಚಿಹೋಗಿ, ಯಾರೋ ಮೇಕ್ ಬಳಸಿದ ದಿನ ಹೊರಬೀಳುತ್ತದೆ. ಮೇಕ್‌ನದೇ ಇನ್ನೊಂದು ಕಾಟ: ಒಂದೇ ಔಟ್‌ಪುಟ್ಟನ್ನು ಪರಸ್ಪರ ಸಂಬಂಧವಿಲ್ಲದ ಎರಡು ಟಾರ್ಗೆಟ್‌ಗಳಿಗೆ ಸೇರಿಸಿದರೆ ಪ್ಯಾರಲಲ್ ಬಿಲ್ಡ್‌ನಲ್ಲಿ ಕಮಾಂಡ್ ಎರಡೂ ಕಡೆ ಏಕಕಾಲಕ್ಕೆ ಓಡಬಹುದು. ಅರ್ಧ ಬರೆದ ಹೆಡರನ್ನು ಕಂಪೈಲರ್ ಓದಿ ಅರ್ಥವಿಲ್ಲದ ಎರರ್ ಕೊಡುತ್ತದೆ, ಇನ್ನೊಮ್ಮೆ ಓಡಿಸಿದರೆ ಪಾಸ್! ಒಂಟಿ ಜಾಬ್‌ನಲ್ಲಿ ಎಂದೂ ಕಾಣದ ಎರರ್ ಇದಾದರೆ ಮೊದಲು ಇಲ್ಲೇ ಹುಡುಕಿ.

ಎರಡಕ್ಕೂ ಒಂದೇ ಮದ್ದು. ಹುಟ್ಟುವ ಕೋಡನ್ನೆಲ್ಲ ಒಂದು ಸ್ಟ್ಯಾಟಿಕ್ ಲೈಬ್ರರಿಗೆ ಹಾಕಿ, ಬೈನರಿ ಡೈರೆಕ್ಟರಿಯನ್ನು ಅದರ ಪಬ್ಲಿಕ್ ಇನ್‌ಕ್ಲೂಡ್ ಪಾತ್ ಮಾಡಿ, ಬೇಕಾದವರು ಆ ಲೈಬ್ರರಿಗೆ ಲಿಂಕ್ ಆಗಲಿ. ಲಿಂಕ್ ಮಾಡಿದೊಡನೆ ಬಿಲ್ಡ್ ಕ್ರಮವೂ ನಿಶ್ಚಯವಾಗುತ್ತದೆ, ಹೆಡರ್ ಸಿದ್ಧವಾಗುವ ಮೊದಲು ಯಾರೂ ಕಂಪೈಲ್‌ಗೆ ಇಳಿಯುವುದಿಲ್ಲ.

ಸ್ಕ್ರಿಪ್ಟ್ ಓಡಿದರೂ ಹೆಡರ್ ಒಳಗಿನ ಕೋಡ್ ಬದಲಾಗದಿದ್ದಾಗ ನೂರಾರು ಫೈಲ್ ಸುಮ್ಮನೆ ಕಂಪೈಲ್ ಆಗುವುದನ್ನು ತಪ್ಪಿಸಬಹುದು. ತಾತ್ಕಾಲಿಕ ಫೈಲಿಗೆ ಬರೆದು, ಬದಲಾಗಿದ್ದರೆ ಮಾತ್ರ ಕಾಪಿ ಮಾಡುವುದು ವಿಧಾನ. ಆದರೆ ಆ ಹೆಡರನ್ನೇ ಔಟ್‌ಪುಟ್ ಎಂದು ಬರೆದರೆ ಮೇಕ್ ಪ್ರತಿ ಸಲ ಅದನ್ನು ಹಳತು ಎಂದುಕೊಂಡು ಸ್ಕ್ರಿಪ್ಟ್ ಓಡಿಸುತ್ತಲೇ ಇರುತ್ತದೆ. ಕಮಾಂಡ್ ಓಡಿತೆಂದು ಗುರುತಿಸುವ ಖಾಲಿ ಸ್ಟ್ಯಾಂಪ್ ಫೈಲ್ ಔಟ್‌ಪುಟ್ ಆಗಲಿ, ಹೆಡರ್ ಬೈಪ್ರಾಡಕ್ಟ್ಸ್‌ನಲ್ಲಿ (ಜೊತೆಗೆ ಹುಟ್ಟುವ ಫೈಲುಗಳ ಪಟ್ಟಿ) ಇರಲಿ. ಸ್ಕ್ರಿಪ್ಟ್ ಫೈಲಿನ ತಲೆಯಲ್ಲಿ ದಿನಾಂಕ, ಸಮಯ ಬರೆಯುತ್ತಿದ್ದರೆ ಇಷ್ಟೂ ಶ್ರಮ ವ್ಯರ್ಥ.

ಹೆಸರಿನ ಮಾದರಿಗೆ ಹೊಂದುವ ಫೈಲುಗಳನ್ನು ಹುಡುಕಿಕೊಡುವ ಫೈಲ್-ಗ್ಲಾಬ್ ಇಲ್ಲಿ ಕೆಲಸಕ್ಕೆ ಬಾರದು. ಅದು ಬಿಲ್ಡ್‌ಗೂ ಮೊದಲಿನ ಕಾನ್ಫಿಗರ್ ಹಂತದಲ್ಲೇ ನೋಡುತ್ತದೆ, ಆಗ ಫೈಲುಗಳು ಇನ್ನೂ ಹುಟ್ಟಿರುವುದಿಲ್ಲ.

ಹೊಸ ವರ್ಷನ್‌ಗಳಲ್ಲಿ 3.31ರ ಕೋಡ್‌ಜೆನ್ ಆಯ್ಕೆ ನಿಜಕ್ಕೂ ಉಪಯುಕ್ತ. ಗುರುತು ಹಾಕಿದ ಕಮಾಂಡ್‌ಗಳನ್ನಷ್ಟೇ ಓಡಿಸುವ ಟಾರ್ಗೆಟ್ ಸಿಗುತ್ತದೆ, ಹಾಗಾಗಿ ಪೂರ್ತಿ ಬಿಲ್ಡ್ ಮಾಡದೆಯೇ, ಎಡಿಟರ್‌ಗೆ ನೆರವಾಗುವ ಕ್ಲಾಂಗ್‌ಡಿಗೆ ಹೆಡರ್‌ಗಳು ಸಿದ್ಧ. 3.27ರ ಸ್ಕಿಪ್-ಲಿಂಟಿಂಗ್ ಕೂಡ ಒಳ್ಳೆಯದು, ಮನುಷ್ಯರು ಬರೆಯದ ಕೋಡಿನ ಮೇಲೆ ತಪ್ಪು ಹುಡುಕುವ ಟೂಲ್ ಕ್ಲಾಂಗ್-ಟೈಡಿ ಗೊಣಗುವುದು ನಿಲ್ಲುತ್ತದೆ.

ಕ್ರಾಸ್ ಕಂಪೈಲ್ ಮಾಡುವವರಿಗೆ ಒಂದು ಎಚ್ಚರಿಕೆ: ಒಂದು ಬಿಲ್ಡ್ ಡೈರೆಕ್ಟರಿಗೆ ಒಂದು ಭಾಷೆಗೆ ಒಂದೇ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಟೂಲ್‌ಗಳು). ಎಕ್ಸ್86 ಯಂತ್ರದಲ್ಲಿ ಆರ್ಮ್‌ಗೆ ಬಿಲ್ಡ್ ಮಾಡಿದರೆ ಕೋಡ್ ಬರೆಯುವ ಟೂಲ್ ಕೂಡ ಆರ್ಮ್‌ಗೇ ತಯಾರಾಗಿ, ಎಮ್ಯುಲೇಟರ್ ಇಲ್ಲದೆ ಓಡಲಾರದು. ಟೂಲನ್ನು ಬೇರೆ ಡೈರೆಕ್ಟರಿಯಲ್ಲಿ ಹೋಸ್ಟ್‌ಗಾಗಿ (ಬಿಲ್ಡ್ ನಡೆಯುವ ಯಂತ್ರ) ಬಿಲ್ಡ್ ಮಾಡಿ, ಇಂಪೋರ್ಟೆಡ್ ಟಾರ್ಗೆಟ್ ಆಗಿ ತರಬೇಕು. ಪ್ರೋಟಾಕ್‌ಗೂ ಇದೇ ದಾರಿ, ಜೊತೆಗೆ ಲಿಂಕ್ ಆಗುವ ಪ್ರೋಟೋಬಫ್ ಲೈಬ್ರರಿಗೆ ಹೊಂದುವ ವರ್ಷನ್ನೇ ಇರಬೇಕು. ಹೊಂದದಿದ್ದರೆ ಹುಟ್ಟಿದ ಹೆಡರ್ ತಾನೇ ಕಂಪೈಲ್ ನಿಲ್ಲಿಸಿ, ಹೊಂದದ ವರ್ಷನ್‌ನ ಪ್ರೋಟಾಕ್‌ನಿಂದ ಬಂದ ಫೈಲ್ ಇದು ಎಂದು ಎರರ್ ಕೊಡುತ್ತದೆ.