ಒಂಬತ್ತು ಜನರ ಗುಂಪು ವಿಮೆ: ಶಿರಸಿಯಲ್ಲಿ ಆರು ವರ್ಷ ಬಳಸಿದ ಮೇಲೆ

ನಮ್ಮದು ಶಿರಸಿ ಹತ್ತಿರ ಒಂದು ಸಣ್ಣ ಉಪ್ಪಿನಕಾಯಿ ಘಟಕ. ಅಪ್ಪೆಮಿಡಿ ಮುಖ್ಯ, ಜೊತೆಗೆ ಲಿಂಬು, ಮುರುಗಲು. ವರ್ಷವಿಡೀ ಕೆಲಸಕ್ಕಿರುವವರು ಒಂಬತ್ತು ಜನ.

2019ರಲ್ಲಿ ಒಂದು ಸೋಮವಾರ ಭರಣಿ ತುಂಬುವ ಅಕ್ಕ ಕಿವಿಯಲ್ಲಿ ಓಲೆ ಇಲ್ಲದೆ, ತೂತಿಗೆ ಹಿಡಿಕಡ್ಡಿ ಚುಚ್ಚಿಕೊಂಡು ಬಂದರು. ಮಗನ ಅಪೆಂಡಿಕ್ಸ್ ಆಪರೇಷನ್ನಿಗೆ ಓಲೆ ಅಡವಿಟ್ಟಿದ್ದರು. ಅವರು ನನ್ನ ಹತ್ತಿರ ಕೇಳಲೇ ಇಲ್ಲ. ಆ ಕಡ್ಡಿ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಕಸಿವಿಸಿ. ಅದೇ ಅಕ್ಟೋಬರ್‌ನಲ್ಲಿ ಗುಂಪು ಆರೋಗ್ಯ ವಿಮೆ ಮಾಡಿಸಿದೆ. ಕಂಪನಿ ಹೆಸರು ಹೇಳುವುದಿಲ್ಲ. ನಾನು ಕಂಡ ಮಟ್ಟಿಗೆ ಬೇರೆ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ನನ್ನನ್ನು ಕೇಳುವುದು ಅದನ್ನೇ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆ, ಕಡ್ಡಾಯ. ತಿಂಗಳ ಸಂಬಳ 21,000 ರೂಪಾಯಿವರೆಗಿನವರು ಅದರಡಿ ಬರುತ್ತಾರೆ. ಮಾಲಕರ ಪಾಲು ಶೇಕಡಾ 3.25, ಕೆಲಸಗಾರರ ಪಾಲು 0.75. 2019ರ ಜುಲೈಗೆ ಮೊದಲು ಇದು 4.75 ಮತ್ತು 1.75 ಇತ್ತು, ಆಮೇಲೆ ಇಳಿಸಿದರು. ಒಮ್ಮೆ ಇಎಸ್‌ಐ ಒಳಗೆ ಬಂದರೆ, ಆಮೇಲೆ ಜನ ಹತ್ತಕ್ಕಿಂತ ಕಡಿಮೆಯಾದರೂ ಹೊರಗೆ ಬರಲು ಆಗುವುದಿಲ್ಲ. ಒಂಬತ್ತೇ ಜನ ಇರುವ ನನಗೆ ಆರೋಗ್ಯ ವಿಮೆ ಕಡ್ಡಾಯ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಸಡಿಲಿಸುವಾಗ ಕೇಂದ್ರದ ಆದೇಶದಲ್ಲಿ ಕೆಲಸಗಾರರಿಗೆ ವಿಮೆ ಕಡ್ಡಾಯ ಅಂತ ಬಂತಲ್ಲ, ಆಗ ಪೇಟೆಯ ಅರ್ಧ ಅಂಗಡಿಯವರು ನನಗೆ ಫೋನ್ ಮಾಡಿದ್ದರು.

ನಾನು ಕೊಂಡದ್ದು ಇದು: ಕೆಲಸಗಾರರು, ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು. ಕುಟುಂಬಕ್ಕೆ ವರ್ಷಕ್ಕೆ 2 ಲಕ್ಷ. ಪ್ರೀಮಿಯಂ 63,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 74,340. ಕನಿಷ್ಠ ಏಳು ಜನ ಇದ್ದರೆ ಮಾತ್ರ ಗುಂಪು ಅಂತ ಏಜೆಂಟರು ಹೇಳಿದರು. ಕೊರೋನಾ ವರ್ಷ ನಾವು ಸರಿಯಾಗಿ ಏಳಕ್ಕೆ ಬಂದು ನಿಂತಿದ್ದೆವು, ದೇವರ ದಯೆ.

ಇದರ ದೊಡ್ಡ ಗುಣ ಎಂದರೆ ಹಳೇ ಕಾಯಿಲೆಗೆ ಕಾಯಬೇಕಾಗಿಲ್ಲ. ಒಬ್ಬೊಬ್ಬರೇ ಪಾಲಿಸಿ ಮಾಡಿಸಿದರೆ ಸಕ್ಕರೆ, ಬಿಪಿ ಇದ್ದವರಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ನಮ್ಮ ಗುಂಪಿನಲ್ಲಿ ಮೊದಲ ದಿನದಿಂದಲೇ ಉಂಟು. ರಕ್ತ ಪರೀಕ್ಷೆ ಇಲ್ಲ, ಅರ್ಜಿಯಲ್ಲಿ ಅಡ್ಡ ಪ್ರಶ್ನೆ ಇಲ್ಲ. ಹೆಸರು, ಹುಟ್ಟಿದ ತಾರೀಕು, ಆಧಾರ್, ಅಷ್ಟೇ. ನಮ್ಮಲ್ಲಿ ಐವತ್ತು ದಾಟಿದವರು ಮೂವರಿದ್ದಾರೆ. ಅವರಿಗೆ ಹೊರಗೆ ಈ ದರಕ್ಕೆ ಯಾರೂ ಕೊಡುವುದಿಲ್ಲ.

ಮೊದಲ ಎರಡು ವರ್ಷ ಒಂದು ಕ್ಲೇಮೂ ಇಲ್ಲ. ಕಾರ್ಡುಗಳು ಎಲ್ಲರ ಮನೆಯ ದೇವರ ಪಟದ ಹಿಂದೆ ಕೂತಿದ್ದವು. ಪರೀಕ್ಷೆ ಬಂದದ್ದು 2021ರ ನವೆಂಬರ್‌ನಲ್ಲಿ. ಲೇಬಲ್ ಹಚ್ಚುವವರಿಗೆ ಪಿತ್ತಕೋಶದಲ್ಲಿ ಕಲ್ಲು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರು, ಕ್ಯಾಶ್‌ಲೆಸ್ ಸಿಕ್ಕಿತು, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟುವುದು. ನಾನು ಬೀಗಿಕೊಂಡು ಕೂತಿದ್ದೆ. ಡಿಸ್ಚಾರ್ಜ್ ದಿನ ಅವರ ಗಂಡನ ಫೋನು: "ಅಮ್ಮಾ, ಹತ್ತೊಂಬತ್ತು ಸಾವಿರ ಕಟ್ಟಿ ಅಂತಾರೆ. ವಿಮೆ ಇದೆ ಅಂದ್ರೂ ಕೇಳೂದಿಲ್ಲ."

ಬಿಲ್ಲು ತರಿಸಿ ಊಟದ ಮೇಜಿನ ಮೇಲೆ ಹರಡಿ ನೋಡಿದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಡೀ ಪಾಲಿಸಿಯಲ್ಲಿ ನನಗೆ ಜಾಸ್ತಿ ದುಡ್ಡು ಕಳೆದ ಸಾಲು ಇದು. ಒಟ್ಟು ಬಿಲ್ 68,400. ಪಾಲಿಸಿಯಲ್ಲಿ ರೂಮ್ ಬಾಡಿಗೆಯ ಮಿತಿ ವಿಮೆ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 2,000. ಅವರಿಗೆ ಕೊಟ್ಟ ರೂಮು 3,000ದ್ದು. ನಾಲ್ಕು ದಿನಕ್ಕೆ 4,000 ಕೈಯಿಂದ ಹೋಗುತ್ತದೆ, ಹೋಗಲಿ ಅಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ರೂಮಿನ ಬಾಡಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಕೊಟ್ಟರೆ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ಅರಿವಳಿಕೆ, ನರ್ಸಿಂಗ್ ಎಲ್ಲದರಲ್ಲೂ ಮೂರರಲ್ಲಿ ಎರಡೇ ಪಾಲು. ಅವೆಲ್ಲ ಸೇರಿ 36,000 ಇತ್ತು, ಕಂಪನಿ ಕೊಟ್ಟದ್ದು 24,000. ಔಷಧಿ ಮತ್ತು ಪರೀಕ್ಷೆಗಳ 17,400 ಪೂರ್ತಿ ಬಂತು. ಕೈಗವಸು, ಹತ್ತಿ, ಫೈಲಿನ ಖರ್ಚು ಅಂತ 3,000, ಅದಕ್ಕೆ ಸೊನ್ನೆ. ಕೊನೆಗೆ ಬಂದದ್ದು 49,400. ಸಾವಿರ ರೂಪಾಯಿ ದುಬಾರಿ ರೂಮಿನಿಂದ ಹದಿನಾರು ಸಾವಿರ ಕೈಬಿಟ್ಟಿತು.

ತಪ್ಪು ಯಾರದು? ಪಾಲಿಸಿಯಲ್ಲಿ ಬರೆದಿತ್ತು. ಏಜೆಂಟರು ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಓದಿರಲಿಲ್ಲ. ಹತ್ತೊಂಬತ್ತು ಸಾವಿರ ಘಟಕದ ಖಾತೆಯಿಂದಲೇ ಕಟ್ಟಿದೆ. ಈಗ ಎಲ್ಲರ ಕಾರ್ಡಿನ ಹಿಂದೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇವೆ: "ರೂಮು 2000 ಒಳಗೆ. ಜನರಲ್ ವಾರ್ಡ್ ಆದೀತು."

ಎರಡನೆಯದು ನಮ್ಮ ವ್ಯಾನ್ ಡ್ರೈವರ್‌ದು. 2022ರ ಜುಲೈ, ಜೋರು ಮಳೆ. ಭಾನುವಾರ ಮಾವನ ಮನೆಗೆ ಬೈಕಿನಲ್ಲಿ ಹೋಗುವಾಗ ಜಾರಿ ಬಿದ್ದು ಮೊಣಕಾಲ ಕೆಳಗೆ ಮುರಿಯಿತು. ಏಜೆಂಟರು ಕೇಳಿದ ಮೊದಲ ಪ್ರಶ್ನೆ: "ಡ್ಯೂಟಿ ಮೇಲೆ ಇದ್ರಾ?" ಇಲ್ಲ ಅಂದೆ. ಡ್ಯೂಟಿಯಲ್ಲಿ ಆಗಿದ್ದರೆ ಲೆಕ್ಕವೇ ಬೇರೆ. ಕೆಲಸದ ಮೇಲೆ ಪೆಟ್ಟಾದರೆ ಪರಿಹಾರ, ಆಸ್ಪತ್ರೆ ಖರ್ಚು ಎರಡೂ ಮಾಲಕರ ತಲೆಯ ಮೇಲೆ. ಇಎಸ್‌ಐ ಇಲ್ಲದ ಸಣ್ಣ ಘಟಕಕ್ಕೂ ಅದರಿಂದ ಬಿಡುಗಡೆ ಇಲ್ಲ. 1923ರಿಂದ ಇದ್ದ ಕಾನೂನು ಅದು, ಈಗ ಕೇಂದ್ರದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದಕ್ಕೆ ವರ್ಕ್‌ಮೆನ್ ಕಾಂಪೆನ್ಸೇಷನ್ ಅಂತ ಬೇರೆ ಪಾಲಿಸಿ ಇದೆ. ಆರೋಗ್ಯ ವಿಮೆ ಮಾಡಿಸಿ ಎಲ್ಲ ಮುಗಿಯಿತು ಅಂದುಕೊಂಡಿದ್ದ ನನಗೆ ಮೂರು ವರ್ಷ ಇದು ಗೊತ್ತೇ ಇರಲಿಲ್ಲ. ಮಿಡಿ ಸೊನೆ ಮುಖಕ್ಕೆ ಸಿಡಿದು ಸುಟ್ಟರೂ ಅದು ನಮ್ಮದೇ ಜವಾಬ್ದಾರಿ ನೋಡಿ. ಮರುವಾರವೇ ಆ ಪಾಲಿಸಿಯನ್ನೂ ಮಾಡಿಸಿದೆ.

ಡ್ರೈವರನ್ನು ಹುಬ್ಬಳ್ಳಿಗೆ ಸಾಗಿಸಿದ ಆಂಬುಲೆನ್ಸ್‌ಗೆ 6,500. ವಿಮೆ ಕೊಟ್ಟದ್ದು 2,000, ಮಿತಿ ಅಷ್ಟೇ. ಈ ಪಾಲಿಸಿ ಬರೆದವರು ಆಸ್ಪತ್ರೆ ನಾಲ್ಕು ಬೀದಿ ಆಚೆ ಇರುವ ಊರಿನವರಿರಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ ನಿಮಗೇ ಗೊತ್ತು. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ. ಅದೇ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂಬ ಕೂಗು ಆಗ ಊರೂರಲ್ಲಿ ಎದ್ದಿತ್ತು. ಹಾಗಾಗಿ ಇಲ್ಲಿಯ ಮಾಲಕರು ಪ್ರೀಮಿಯಂ ಕೇಳುವ ಮೊದಲು ಕೇಳಬೇಕಾದ್ದು ಆಂಬುಲೆನ್ಸ್ ಮಿತಿ ಎಷ್ಟು, ಕಂಪನಿಯೊಂದಿಗೆ ಒಪ್ಪಂದ ಇರುವ ಆಸ್ಪತ್ರೆಗಳ ನೆಟ್‌ವರ್ಕ್ ಪಟ್ಟಿಯಲ್ಲಿ ಹುಬ್ಬಳ್ಳಿ ಮತ್ತು ಮಣಿಪಾಲದ ಯಾವ ಆಸ್ಪತ್ರೆ ಇದೆ ಎಂದು. "ದೇಶದಲ್ಲಿ ಹತ್ತು ಸಾವಿರ ಆಸ್ಪತ್ರೆ" ಎಂಬ ಮಾತು ನಮಗೆ ಮೂರು ಕಾಸಿಗೂ ಬಾರದು.

ಡ್ರೈವರ್ ಕ್ಲೇಮು 1,32,000. ಒಂದೇ ಪಾಲಿಸಿ ವರ್ಷದಲ್ಲಿ ಎರಡೂ ಸೇರಿ 1,81,400. ಅಕ್ಟೋಬರ್‌ನಲ್ಲಿ ನವೀಕರಣದ ದರ ಬಂತು: 1,21,000, ಜಿಎಸ್‌ಟಿ ಬೇರೆ. ಹಿಂದಿನ ವರ್ಷ ಕಟ್ಟಿದ್ದು 70,000! ಗುಂಪು ವಿಮೆಯಲ್ಲಿ ಹೋದ ವರ್ಷ ನೀವು ಎಷ್ಟು ಪಡೆದಿರೋ ಅದನ್ನು ನೋಡಿ ಮುಂದಿನ ದರ ಹಾಕುತ್ತಾರೆ. ಸಾವಿರ ಜನರ ಕಂಪನಿಯಲ್ಲಿ ಇಬ್ಬರು ಆಸ್ಪತ್ರೆ ಸೇರಿದರೆ ಲೆಕ್ಕಕ್ಕಿಲ್ಲ, ಒಂಬತ್ತು ಜನರಲ್ಲಿ ಇಬ್ಬರು ಸೇರಿದರೆ ಕಥೆ ಮುಗಿಯಿತು. ಮೂರು ಕಡೆ ದರ ತರಿಸಿ, ಜಗಳ ಮಾಡಿ, ಕೊನೆಗೆ ಶೇಕಡಾ 10 ಕೋ-ಪೇ, ಅಂದರೆ ಪ್ರತಿ ಕ್ಲೇಮಿನಲ್ಲಿ ಹತ್ತು ಪಾಲು ನಮ್ಮದೇ ಎಂಬ ಶರತ್ತು, ಒಪ್ಪಿಕೊಂಡು 92,000ಕ್ಕೆ ಇಳಿಸಿದೆ. ಆ ಹತ್ತು ಪಾಲನ್ನು ಕೆಲಸಗಾರರ ಮೇಲೆ ಹಾಕಲು ಮನಸ್ಸು ಬರಲಿಲ್ಲ, ಘಟಕವೇ ಕೊಡುತ್ತದೆ.

2024ರಲ್ಲಿ ಇನ್ನೊಬ್ಬರಿಗೆ ಗರ್ಭಕೋಶದ ಆಪರೇಷನ್, ಶಿರಸಿಯಲ್ಲೇ. ಆ ವರ್ಷ ಜನವರಿಯಿಂದ ಎಲ್ಲ ಕಡೆ ಕ್ಯಾಶ್‌ಲೆಸ್, 48 ಗಂಟೆ ಮೊದಲು ತಿಳಿಸಿದರೆ ಸಾಕು ಅಂತ ಪೇಪರಿನಲ್ಲಿ ಓದಿದ್ದೆ. ನರ್ಸಿಂಗ್ ಹೋಮಿನವರು ನಕ್ಕರು. "ನಮಗೆ ಅದೆಲ್ಲ ತಲೆಬಿಸಿ ಬೇಡ, ನೀವು ಕಟ್ಟಿ, ಬಿಲ್ ಕೊಡ್ತೇವೆ." ದುಡ್ಡು ವಾಪಸ್ ಬರಲು 41 ದಿನ. ಅದರಲ್ಲಿ ಎರಡು ವಾರ ಒಂದು ರಸೀದಿಯಲ್ಲಿ ಸೀಲ್ ಇಲ್ಲ ಅಂತ ಹೋಯಿತು. ಕ್ಯಾಶ್‌ಲೆಸ್ ಇರುವ ಕಡೆ ಮಾತ್ರ ಈಗ ಚುರುಕಾಗಿದ್ದಾರೆ. 2024ರ ಮೇ ತಿಂಗಳ ಐಆರ್‌ಡಿಎಐ (ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆಯೊಳಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಜಾಸ್ತಿ ದುಡ್ಡು ಹಾಕಿದರೆ ಅದು ಕಂಪನಿಯದೇ ಹೊರೆ. ಕೌಂಟರಿನಲ್ಲಿ ಈ ಮಾತು ಒಮ್ಮೆ ಎತ್ತಿ ನೋಡಿ, ಫೋನು ತಾನಾಗಿ ಓಡಾಡುತ್ತದೆ.

ಈಗ ಸಿಟ್ಟಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಅಂತ ಎಲ್ಲರೂ ಖುಷಿಪಟ್ಟರು. ನಾನೂ ಪಟ್ಟೆ. ಅಕ್ಟೋಬರ್‌ನಲ್ಲಿ ಬಿಲ್ ನೋಡಿದರೆ 98,000ಕ್ಕೆ 17,640 ಜಿಎಸ್‌ಟಿ ಹಾಗೇ ಇದೆ! ಸೊನ್ನೆಯಾದದ್ದು ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗೆ ಮಾತ್ರ, ಗುಂಪಿನದ್ದಕ್ಕೆ ಅಲ್ಲ. ಆ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ಟೂ (ನಾನು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವುದು) ಸಿಗುವುದಿಲ್ಲ, ಯಾಕೆಂದರೆ ಕಾನೂನು ನನಗೆ ಕಡ್ಡಾಯ ಮಾಡಿಲ್ಲವಂತೆ. ಕಡ್ಡಾಯ ಇಲ್ಲದೆಯೂ ಮಾಡಿಸಿದವರಿಗೆ ಬಹುಮಾನ ಇದು. ಪ್ರೀಮಿಯಂ ಅನ್ನು ವ್ಯಾಪಾರದ ಖರ್ಚು ಅಂತ ತೋರಿಸಬಹುದು, ಅಷ್ಟು ಸಮಾಧಾನ. ನಗದು ಕೊಟ್ಟರೆ ಅದೂ ಇಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ.

ಇನ್ನೂ ಒಂದು ಕೊರತೆ. ಮದುವೆಯಾಗದವರಿಗೆ, ಗಂಡನಿಲ್ಲದವರಿಗೆ ಇದರಲ್ಲಿ ಲಾಭ ಕಡಿಮೆ. ಲೆಕ್ಕ ಬರೆಯುವ ಹುಡುಗಿಗೆ ಬೇಕಾದದ್ದು ಅಮ್ಮನಿಗೆ ವಿಮೆ, ಅಪ್ಪ ಅಮ್ಮನನ್ನು ಸೇರಿಸಿದರೆ ದರ ದುಪ್ಪಟ್ಟು ಅಂದರು. ಅವಳು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ದಿನವೇ ಅವಳ ವಿಮೆಯೂ ಹೋಯಿತು. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ, ಆದರೆ ಮುಂಚೆಯೇ ಕೇಳಬೇಕು. ನಾವು ಕೇಳಲಿಲ್ಲ.

ನಂಬರ್ ಕೇಳಿದರೆ ಐದಕ್ಕೆ ಮೂರು ಕೊಡುತ್ತೇನೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮಲ್ಲಿ ಆರು ಜನರಿಗೆ ಆ ಕಾರ್ಡ್ ಉಂಟು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತರಲು ತಾಳ್ಮೆ ಬೇಕು, ದೊಡ್ಡ ಆಪರೇಷನ್ ಆದರೆ ಆ ತಾಳ್ಮೆಗೆ ಬೆಲೆ ಇದೆ. ಇಬ್ಬರು ಊರ ಸೇವಾ ಸಹಕಾರಿ ಸಂಘದ ಸದಸ್ಯರು, ಅವರಿಗೆ ಸಹಕಾರಿ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಅವರ ಪಾಲಿನ 500 ನಾನೇ ಕಟ್ಟುತ್ತೇನೆ, ನೋಂದಣಿಯ ಕಡೇ ದಿನ ತಪ್ಪದಂತೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ. ಇದನ್ನೆಲ್ಲ ಮೊದಲೇ ನೋಡಿಕೊಂಡಿದ್ದರೆ ಗುಂಪು ಪಾಲಿಸಿಯ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

ದಾಂಡೇಲಿಯಲ್ಲಿರುವ ನಮ್ಮ ಭಾವನದು ಹದಿನಾಲ್ಕು ಜನರ ವರ್ಕ್‌ಶಾಪು, ಅವರದು ಇಎಸ್‌ಐ. ಹದಿನೈದು ಸಾವಿರ ಸಂಬಳದವರಿಗೆ ಭಾವ ತಿಂಗಳಿಗೆ 488 ಕಟ್ಟುತ್ತಾರೆ, ವರ್ಷಕ್ಕೆ 5,856. ನನಗೆ ಕುಟುಂಬಕ್ಕೆ ಬೀಳುವುದು ಸುಮಾರು 12,850. ಅವರಲ್ಲಿ ಅವಲಂಬಿತ ಅಪ್ಪ ಅಮ್ಮನೂ ಸೇರುತ್ತಾರೆ. ಹೊರರೋಗಿ ಚಿಕಿತ್ಸೆಯೂ ಇದೆ, ಖಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಶೇಕಡಾ 70 ಸಂಬಳವೂ ಇದೆ. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ನಾನು ಹೆರಿಗೆ ಸೇರಿಸಿ ಅಂದಾಗ ಕಂಪನಿ ಹೇಳಿದ ದರ ಕೇಳಿ ಫೋನ್ ಇಟ್ಟಿದ್ದೆ. "ನೀನು ಸುಮ್ನೆ ಒಂಬತ್ತಕ್ಕೇ ನಿಲ್ಲಿಸ್ಕೊಂಡು ಒದ್ದಾಡ್ತೆ" ಅಂತ ಭಾವ ಪ್ರತಿ ಹಬ್ಬಕ್ಕೂ ಹಂಗಿಸುತ್ತಾರೆ.

ಹತ್ತಕ್ಕಿಂತ ಕಡಿಮೆ ಜನ ಇದ್ದರೂ, ಮಾಲಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸ್ವಇಚ್ಛೆಯಿಂದ ಇಎಸ್‌ಐ ಸೇರಬಹುದು ಅಂತ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂತು. ಮೊನ್ನೆ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದೆ. ತಿಂಗಳಿಗೆ ನೂರು ಚಿಲ್ಲರೆ ನಿಮ್ಮ ಸಂಬಳದಿಂದ ಹೋಗುತ್ತದೆ, ದಾಂಡೇಲಿಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲೂ ಇದೆ ಅಂದೆ. ಲೆಕ್ಕ ಎಲ್ಲರಿಗೂ ಹಿಡಿಸಿತು. ಭರಣಿ ತುಂಬುವ ಅಕ್ಕ ಮಾತ್ರ ಮಜ್ಜಿಗೆ ಲೋಟ ಕೆಳಗಿಟ್ಟು ಕೇಳಿದರು.

"ಜ್ವರ ಬಂದ್ರೆ ದಾಂಡೇಲಿಗೆ ಬೆಳಿಗ್ಗೆ ಯಾವ ಬಸ್ಸು, ಅಮ್ಮಾ? ಯಲ್ಲಾಪುರದಲ್ಲಿ ಇಳಿದು ಹತ್ಬೇಕಾ?"